ಕ್ರಿಸ್‌ಮಸ್ಸಿಗೆ ರಜೆ ಕೇಳಿದ ಟೀಚರ್

2023ರ ಡಿಸೆಂಬರ್ 26ರಂದು ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂಬತ್ತು ಸಾಲಿನ ಸುದ್ದಿಯೊಂದು ಪ್ರಕಟವಾಯಿತು. ನ್ಯಾಮತಿ ತಾಲ್ಲೂಕಿನ ಹಳ್ಳಿಯೊಂದರ ಪ್ರಾರ್ಥನಾ ಮಂದಿರದಲ್ಲಿ ಕ್ರಿಸ್‌ಮಸ್ ಹಬ್ಬವನ್ನು ಶ್ರದ್ಧಾಭಕ್ತಿಯಿಂದ ಆಚರಿಸಲಾಯಿತು, ಫಾದರ್ ಸಂದೇಶ ನೀಡಿದರು, ಚನ್ನಗಿರಿಯಲ್ಲಿ ಶಿಕ್ಷಕಿಯಾಗಿರುವ ಆ ಊರಿನ ಸೊಸೆ ಗೀತೆಗಳನ್ನು ಹಾಡಿದರು ಎಂದು ಅದರಲ್ಲಿತ್ತು. ಬರೆದವನು ನಾನು. ಬರೆದದ್ದು 24ರ ಸಂಜೆ. ಆ ಶಿಕ್ಷಕಿ 25ರಂದು ಅಲ್ಲಿ ಇರಲಿಲ್ಲ.

ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ತಾಲ್ಲೂಕು ವರದಿಗಾರರಾದ ನಾವು ಹಬ್ಬದ ಸುದ್ದಿಯನ್ನು ಹಬ್ಬಕ್ಕೆ ಮೊದಲೇ ಕಳಿಸುತ್ತೇವೆ. ರಜೆಯ ದಿನ ಜಿಲ್ಲಾ ಪುಟ ಬೇಗ ಮುಗಿಯುತ್ತದೆ. ಹಿಂದಿನ ದಿನವೇ ಸುದ್ದಿ ತಿದ್ದುವ ಡೆಸ್ಕಿನಿಂದ ಫೋನ್ ಬರುತ್ತದೆ, "ಹಬ್ಬದ್ದು ಹಾಕ್ಬಿಡ್ರಿ." ಯುಗಾದಿ, ರಂಜಾನ್, ಬುದ್ಧ ಪೂರ್ಣಿಮೆ, ಎಲ್ಲಕ್ಕೂ ಇದೇ ಕ್ರಮ. ಹಳೆಯ ಸುದ್ದಿ ತೆಗೆದು, ವರ್ಷ ತಿದ್ದಿ, 'ಆಚರಿಸಲಾಯಿತು' ಎಂದು ಮುಗಿಸಿ ಕಳಿಸಿದರಾಯಿತು. ಹಬ್ಬ ತಪ್ಪುವುದಿಲ್ಲವಲ್ಲ. ಮಳೆ ಬಂದು ಮೆರವಣಿಗೆ ನಿಂತರೆ ಮಾತ್ರ ಫೋನ್ ಮಾಡಿ ತಿದ್ದಿಸುತ್ತೇವೆ. ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಹಾಗೆ ತಿದ್ದಿಸಿದ್ದು ಎರಡು ಸಲ.

ಆ ಟೀಚರ್ ಚನ್ನಗಿರಿಯಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ಎರಡು ಮನೆಗೂ ನಡುವೆ ಒಂದೇ ಗೋಡೆ, ಅಂಗಳದಲ್ಲಿ ಒಂದೇ ನಲ್ಲಿ. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದರು. ಗಂಡ ಜಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಒಬ್ಬಳೇ ಮಗಳು, ತಾಯಿಯ ಶಾಲೆಯಲ್ಲೇ ಓದುತ್ತಿದ್ದಳು.

ಗಂಡನ ಊರು ನ್ಯಾಮತಿ ದಾಟಿ ಸವಳಂಗದ ದಾರಿಯಲ್ಲಿ ಸಿಗುವ ಹಳ್ಳಿ. ಅಲ್ಲಿ ಬೆರಳೆಣಿಕೆಯ ಕ್ರೈಸ್ತ ಮನೆಗಳಿವೆ, ಶೀಟು ಹೊದಿಸಿದ ಒಂದು ಮಂದಿರವಿದೆ. ಫಾದರ್ ಶಿವಮೊಗ್ಗದಿಂದ ಬರಬೇಕು. ಕ್ರಿಸ್‌ಮಸ್ ದಿನ ಬೆಳಿಗ್ಗೆ ಒಂಬತ್ತಕ್ಕೆ ತಪ್ಪದೆ ಬರುತ್ತಾರೆ. ಅಲ್ಲಿ ಹಾಡು ಎತ್ತಿಕೊಡುವವರು ಈ ಟೀಚರ್. ಉಳಿದವರು ಅವರ ಹಿಂದೆ ಹೇಳುತ್ತಾರೆ. ನ್ಯಾಮತಿಯಲ್ಲಿ ನಮ್ಮ ಪತ್ರಿಕೆಗೆ ಬೇರೆ ವರದಿಗಾರರು ಇಲ್ಲದ್ದರಿಂದ 2021ರ ಕ್ರಿಸ್‌ಮಸ್ಸಿಗೆ ನಾನೇ ಹೋಗಿ ಸುದ್ದಿ ಮಾಡಿದ್ದೆ. 2022ರಲ್ಲಿ ನನ್ನನ್ನು ಒಂದು ವರ್ಷ ಜಗಳೂರಿಗೆ ಹಾಕಿದ್ದರು. 2023ರಲ್ಲಿ ಚನ್ನಗಿರಿಗೆ ವಾಪಸು ಬಂದೆ, ಎರಡು ವರ್ಷದ ಹಿಂದಿನ ಆ ಸುದ್ದಿಯನ್ನೇ ಹುಡುಕಿ ತೆಗೆದು ವರ್ಷ ತಿದ್ದಿದೆ.

25ರ ಬೆಳಿಗ್ಗೆ ಹತ್ತಕ್ಕೆ ಟೀಚರ್ ಶಾಲೆಯ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಫೋಟೊ ತೆಗೆಯಲು ಹೋದೆ. ಸರ್ಕಾರಿ ರಜೆ. ನೌಕರಿಯಲ್ಲಿರುವ ಅಪ್ಪ ಅಮ್ಮಂದಿರೆಲ್ಲ ಬಂದು ಕುರ್ಚಿ ಹಿಡಿದಿದ್ದರು. ಶಾಮಿಯಾನದ ಕಂಬಕ್ಕೊಂದು ಕಾಗದದ ನಕ್ಷತ್ರ. ಒಂದನೇ ತರಗತಿಯ ಮಕ್ಕಳು ಹತ್ತಿಯ ಗಡ್ಡ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ಬಿಸಿಲಿಗೆ ಅಂಟು ಬಿಟ್ಟು ಗಡ್ಡಗಳು ಒಂದೊಂದೇ ಜಾರುತ್ತಿದ್ದವು, ತಾಯಂದಿರು ಓಡಿ ಬಂದು ಒತ್ತಿ ಹೋಗುತ್ತಿದ್ದರು. ವೇದಿಕೆಯ ಮೇಲೆ ದೊಡ್ಡ ಕೇಕ್, ಪಕ್ಕದಲ್ಲಿ ಉದ್ಘಾಟನೆಗೆ ಎಣ್ಣೆ ಬತ್ತಿ ಹಾಕಿಟ್ಟ ದೀಪದ ಕಂಬ. ಮೈಕಿನಲ್ಲಿ ಒಂದು ದನಿ ಎಲ್ಲರನ್ನೂ ಸ್ವಾಗತಿಸುತ್ತಿತ್ತು. ಪಕ್ಕದ ಮನೆಯ ದನಿ, ದಿನವೂ ಗೋಡೆಯಾಚೆ ಕೇಳುವ ದನಿ. ನಾನು ಫೋಟೊಗೆ ಜಾಗ ನೋಡುತ್ತಿದ್ದೆ. ಎರಡು ಮೂರು ಕ್ಲಿಕ್ ಆದ ಮೇಲೆ ಕೈ ನಿಂತಿತು. ನನ್ನ ಸುದ್ದಿಯ ಪ್ರಕಾರ ಅವರು ಈ ಹೊತ್ತಿಗೆ ನ್ಯಾಮತಿಯಲ್ಲಿ ಹಾಡುತ್ತಿರಬೇಕಿತ್ತು.

ವೇದಿಕೆಯ ಹಿಂದಕ್ಕೆ ಹೋಗಿ ಡೆಸ್ಕಿಗೆ ಫೋನ್ ಮಾಡಿದೆ. ನ್ಯಾಮತಿ ಸುದ್ದಿಯಲ್ಲಿ ಒಂದು ಸಾಲು ತೆಗೆಯಬೇಕು ಎಂದೆ.

"ಸುದ್ದಿ ಪುಟ ಹೋತಲ್ರೀ, ಫೋಟೊದ್ದಷ್ಟೇ ಉಳಿದಿರೋದು. ಏನು, ಯಾರಾದ್ರೂ ತಕರಾರು ಮಾಡ್ಯಾರಾ?"

"ಇಲ್ಲ."

"ಮತ್ತೆ? ಹಾಡ್ಯಾರೆ ಅಂತ ತಾನೆ ಬರ್ದಿರೋದು, ಬೈದಾರೆ ಅಂತ ಅಲ್ಲವಲ್ಲ. ಬಿಡ್ರಿ."

ಫೋನ್ ಇಟ್ಟು ತಿರುಗಿದರೆ ಕಾಲ ಬಳಿ ಒಂದು ಥರ್ಮಾಕೋಲ್ ಮಂಟಪ. ಗಣೇಶ ಹಬ್ಬದ್ದು, ಮೇಲೆ ಬಂಗಾರದ ಬಣ್ಣ ಇನ್ನೂ ಉಳಿದಿತ್ತು. ಒಳಗೆ ಹುಲ್ಲು ಹಾಸಿ ಎರಡು ಪ್ಲಾಸ್ಟಿಕ್ ಹಸು, ಒಂದು ಕುರಿ, ಬಟ್ಟೆಯಲ್ಲಿ ಸುತ್ತಿದ ಅಂಗೈ ಉದ್ದದ ಗೊಂಬೆ ಇಟ್ಟಿದ್ದರು. ಅರ್ಧ ಮಾತ್ರ ಕಾಣುವ ಹಾಗೆ ಮೇಲೊಂದು ಬೆಡ್‌ಶೀಟು. ಮಕ್ಕಳನ್ನು ಕರೆಯಲು ಬಂದ ಟೀಚರ್ ನಾನು ನೋಡುತ್ತಿರುವುದನ್ನು ನೋಡಿದರು.

"ಗೋದಲಿ ಅಣ್ಣ. ಏಸು ಹುಟ್ಟಿದ ಕೊಟ್ಟಿಗೆ. ಎರಡು ದಿನ ಕೂತು ಮಾಡಿದ್ವಿ. ಸೆಕ್ರೆಟರಿ ಸರ್ ಬ್ಯಾಡ ಅಂದ್ರು."

"ಯಾಕೆ?"

"ಸುಮ್ನೆ ಯಾಕ್ ಟೀಚರ್, ನಾಳೆ ಯಾರಾದ್ರೂ ಬಂದು ಶಾಲೇಲಿ ಧರ್ಮಪ್ರಚಾರ ಮಾಡ್ತೀರಾ ಅಂದ್ರೆ ಯಾರು ಉತ್ತರ ಕೊಡೋರು ಅಂದ್ರು. ಸಾಂತಾ ಸಾಕಂತೆ. ಸಾಂತಾ ಎಲ್ಲರಿಗೂ ನಡೀತಾನಂತೆ." ಅಷ್ಟು ಹೇಳಿ, ಗಡ್ಡ ಬಿದ್ದ ಮಗುವನ್ನು ಎತ್ತಿಕೊಂಡು ವೇದಿಕೆಗೆ ಹೋದರು.

ಶಾಲೆಯ ಆಡಳಿತ ಮಂಡಳಿಯ ಸೆಕ್ರೆಟರಿ ಒಳ್ಳೆಯ ಮನುಷ್ಯ. ಮಾತು ಜೋರು, ಮನಸ್ಸಿನಲ್ಲಿ ವಿಷವಿಲ್ಲ. ನನ್ನನ್ನು ಕಂಡವರೇ ಹೆಗಲ ಮೇಲೆ ಕೈ ಹಾಕಿದರು. "ಏನ್ ರಿಪೋರ್ಟರ್ ಸಾಹೇಬ್ರೇ, ನೀವು ಹೇಳಿದಂಗೆ ಇಪ್ಪತ್ತೈದಕ್ಕೇ ಇಟ್ಟೀವಿ ನೋಡ್ರಿ. ಹೋದ ವರ್ಷಾನೂ ಇಟ್ಟಿದ್ವಿ, ನೀವು ಜಗಳೂರಾಗೆ ಇದ್ರಿ. ಈಗ ಜನ ಹೆಂಗೆ ಸೇರೈತೆ ನೋಡ್ರಿ!"

ನಾನು ಹಾಗೆ ಹೇಳಿದ್ದು ನಿಜ. 2021ರಲ್ಲಿ ಈ ಶಾಲೆ ಕಾರ್ಯಕ್ರಮವನ್ನು 24ಕ್ಕೆ ಮಾಡಿತ್ತು. ಫೋಟೊ ಕಳಿಸಿದಾಗ ಡೆಸ್ಕಿನವರು ಕ್ರಿಸ್‌ಮಸ್ ಚಿತ್ರಗಳು ಬರುವುದು 26ರ ಪತ್ರಿಕೆಯಲ್ಲಿ, 24ರದ್ದು ಅಷ್ಟು ಹೊತ್ತಿಗೆ ಹಳೆಯದಾಗುತ್ತದೆ ಎಂದು ಬಿಟ್ಟುಬಿಟ್ಟರು. ಫೋಟೊ ಯಾಕೆ ಬರಲಿಲ್ಲ ಎಂದು ಸೆಕ್ರೆಟರಿ ಬಸ್ ನಿಲ್ದಾಣದ ಹತ್ತಿರ ಹಿಡಿದು ಕೇಳಿದರು. "ಇಪ್ಪತ್ತೈದಕ್ಕೇ ಮಾಡ್ರಿ ಸರ್, ಆವಾಗ ಚೆನ್ನಾಗಿ ಬರ್ತದೆ" ಎಂದಿದ್ದೆ. ಟೀ ಲೋಟ ಕೆಳಗಿಡುವಷ್ಟು ಹೊತ್ತಿನ ಮಾತು. ಆ ಶಾಲೆಯಲ್ಲಿ ಇರುವ ಕ್ರೈಸ್ತರು ಟೀಚರ್ ಒಬ್ಬರೇ, ಅವರ ಮಗಳನ್ನು ಬಿಟ್ಟರೆ. ಕ್ರಿಸ್‌ಮಸ್ ಕಾರ್ಯಕ್ರಮದ ಉಸ್ತುವಾರಿ ಅವರದ್ದೇ ಎಂಬುದು ಯಾರೂ ಹೇಳದೆ ಆದ ತೀರ್ಮಾನ. ನಾನು ಮಾತಾಡುವಾಗ ಇದೆಲ್ಲ ನೆನಪಿಗೆ ಬರಲಿಲ್ಲ.

ಅಂದು ಮಧ್ಯಾಹ್ನ ಮನೆಯಲ್ಲಿ ಕೂರಲಾಗಲಿಲ್ಲ. ಕೆಲಸವಿದೆ ಎಂದು ಬೈಕ್ ತೆಗೆದು ಹೊನ್ನಾಳಿಗೆ ಹೋದೆ. ಕೆಲಸವಿರಲಿಲ್ಲ. ಅಲ್ಲಿನ ಬೇಕರಿಯೊಂದರ ಮುಂದೆ 'ಮೊಟ್ಟೆ ಇಲ್ಲದ ಕ್ರಿಸ್‌ಮಸ್ ಕೇಕ್' ಎಂದು ಬೋರ್ಡು ಇತ್ತು, ಜನ ನಿಂತಿದ್ದರು. ಹಿಂದಿನ ವರ್ಷ ಜಗಳೂರಿನಲ್ಲಿ ಮೊಬೈಲ್ ಅಂಗಡಿಯವನೊಬ್ಬ ತನ್ನ ಕೆಲಸಗಾರನಿಗೆ ಸಾಂತಾ ವೇಷ ಹಾಕಿಸಿ ಕರಪತ್ರ ಹಂಚಿಸಿದ್ದ. ಆ ಬಿಸಿಲಿನಲ್ಲಿ ಆತ ಗಡ್ಡ ಎತ್ತಿ ಎತ್ತಿ ನೀರು ಕುಡಿಯುತ್ತಿದ್ದ. ನಾನು ಅದನ್ನು ಭಾವೈಕ್ಯತೆ ಎಂದು ಬಾಕ್ಸ್ ಸುದ್ದಿ ಮಾಡಿದ್ದೆ. ಈಗಲೂ ಅದು ತಪ್ಪು ಎಂದು ಹೇಳಲಾರೆ. ಜನ ಖುಷಿಯಾಗಿದ್ದರು, ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ.

ವಾಪಸು ಬರುವಾಗ ಸೂಳೆಕೆರೆ ಏರಿಯ ಮೇಲೆ ಬೈಕ್ ನಿಲ್ಲಿಸಿದೆ. ಅಪ್ಪನ ನೆನಪಾಯಿತು. ನಮ್ಮ ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡವರು. ಬುದ್ಧ ಪೂರ್ಣಿಮೆಯ ದಿನ ಬಸವಾಪಟ್ಟಣದ ಕಡೆಯಿಂದಲೋ ಇನ್ನೆಲ್ಲಿಂದಲೋ ಭಾಷಣಕ್ಕೆ ಕರೆ ಬರುತ್ತಿತ್ತು, ಹೋಗುತ್ತಿದ್ದರು. ಮನೆಯಲ್ಲಿ ಎಲ್ಲರೂ ಕೂತು ಬುದ್ಧ ವಂದನೆ ಹೇಳುವುದು ತಪ್ಪುತ್ತಿತ್ತು. "ಊರಿಗೆಲ್ಲ ಹಬ್ಬ ಮಾಡಿಸಾಕೆ ಹೋಗಿ ಮನೆ ಹಬ್ಬ ಬಿಟ್ರು ನೋಡಪ್ಪ" ಎಂದು ಅವ್ವ ರಾಗ ಎಳೆಯುತ್ತಿದ್ದಳು. ನಾವು ಮಕ್ಕಳು ನಗುತ್ತಿದ್ದೆವು.

26ರ ಬೆಳಿಗ್ಗೆ ಟೀಚರ್ ನಲ್ಲಿಯ ಹತ್ತಿರ ಪತ್ರಿಕೆ ಹಿಡಿದು ನಿಂತಿದ್ದರು. ಕೊಡ ತುಂಬುತ್ತಿತ್ತು.

"ಏನಣ್ಣ, ನಿನ್ನೆ ನಾನು ಎರಡು ಕಡೆ ಇದ್ನಂತೆ."

ತಪ್ಪಾಯಿತು ಎಂದೆ. ಹಳೆಯ ಸುದ್ದಿ, ನೋಡದೆ ಕಳಿಸಿದೆ ಎಂದೆ.

"ನಮ್ಮ ಅತ್ತೆ ಆಗ್ಲೇ ಫೋನ್ ಮಾಡಿದ್ರು. ಕತ್ತರಿಸಿ ಬೈಬಲ್‌ನಾಗೆ ಇಟ್ಕಂಡಾರಂತೆ. ಬರಾಕಾಗ್ದಿದ್ರೂ ಪೇಪರ್‌ನಾಗೆ ಬಂದಿಯಲ್ಲ ಬಿಡು ಅಂದ್ರು." ನಕ್ಕರು. ಕೊಡ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ. "ನನ್ನದು ಹೋಗ್ಲಿ ಅಣ್ಣ. ಮಗಳದ್ದು ನೋಡ್ರಿ. ಕೊನೇ ಸಲ ಕ್ರಿಸ್‌ಮಸ್ ದಿನ ಪ್ರಾರ್ಥನೆಗೆ ಹೋದಾಗ ಸಣ್ಣೋಳು, ಪೂರ್ತಿ ನನ್ನ ತೊಡೆ ಮೇಲೆ ಮಲಗಿದ್ಲು. ಅದೇ ಶಾಲೆ, ಕುಣಿತಕ್ಕೆ ಅವಳೂ ಇರ್ಬೇಕು. ಎರಡು ವರ್ಷ ಆತು, ಬರೀ ಪ್ರೋಗ್ರಾಮ್ ನೋಡ್ಯಾಳೆ. ನಿನ್ನೆ ಸಂಜೆ ಏನ್ ಕೇಳಿದ್ಲು ಗೊತ್ತಾ? ಅಮ್ಮ, ಏಸು ಸಾಂತಾ ತಾತನ ಮೊಮ್ಮಗನಾ ಅಂದ್ಲು."

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

"ಒಂದು ಕ್ರಿಸ್‌ಮಸ್ ಅವಳು ಅಲ್ಲಿ ಕೂತು ನೋಡ್ಬೇಕು. ಮೊದಲಿಂದ ಕೊನೇವರೆಗೆ. ಆಮೇಲೆ ಏನಾದ್ರೂ ಆಗ್ಲಿ" ಎಂದು ನಲ್ಲಿ ತಿರುಗಿಸಿ ಕೊಡ ಎತ್ತಿಕೊಂಡು ಒಳಗೆ ಹೋದರು.

25ಕ್ಕೆ ಮಾಡಿ ಎಂದು ಸೆಕ್ರೆಟರಿಗೆ ಹೇಳಿದ್ದು ನಾನೇ ಎಂದು ಅವತ್ತು ಹೇಳಲಿಲ್ಲ. ಆಮೇಲೆ ಕ್ರಿಸ್‌ಮಸ್ ಸುದ್ದಿಯನ್ನು ಮೊದಲೇ ಬರೆಯುವುದು ಬಿಟ್ಟೆ. ಉಳಿದ ಹಬ್ಬಗಳದ್ದು ಈಗಲೂ ಮೊದಲೇ ಹೋಗುತ್ತದೆ.

2024ರ ನವೆಂಬರ್‌ನಲ್ಲಿ ಸೆಕ್ರೆಟರಿಯನ್ನು ಹುಡುಕಿಕೊಂಡು ಹೋದೆ. ಶಾಲೆಯ ಕಚೇರಿಯಲ್ಲಿ ಫ್ಲೆಕ್ಸ್‌ನ ಮಾದರಿ ನೋಡುತ್ತಿದ್ದರು. ಹಿಮ, ಜಿಂಕೆ, ಗಾಡಿ, ಮೂಲೆಯಲ್ಲಿ ಮುಖ್ಯ ಅತಿಥಿಯ ಫೋಟೊಗೆ ಬಿಟ್ಟ ಜಾಗ.

"ಸರ್, ಈ ಸಲ ಕಾರ್ಯಕ್ರಮ ಇಪ್ಪತ್ಮೂರಕ್ಕೆ ಇಡಾಕೆ ಆಗಲ್ವಾ?"

"ಅಯ್ಯೋ, ಇಪ್ಪತ್ತೈದು ಅಂತ ನೀವೇ ಹೇಳಿದ್ರಲ್ಲ!"

"ಆವಾಗ ಹೇಳಿದ್ದೆ. ಈಗ ಆ ದಿನ ನಮ್ಮಲ್ಲಿ ಜಾಗ ಕಮ್ಮಿ ಸರ್. ಫೋಟೊ ಬರೋದು ಕಷ್ಟ."

ಸೆಕ್ರೆಟರಿ ಫ್ಲೆಕ್ಸಿನಿಂದ ಕಣ್ಣು ತೆಗೆಯಲೇ ಇಲ್ಲ. "ಬರದಿದ್ರೆ ಬ್ಯಾಡ ಬಿಡ್ರಿ. ಬೇಜಾರ್ ಮಾಡ್ಕೋಬ್ಯಾಡ್ರಿ, ಈಗ ಪೇಪರ್ ಯಾರು ಓದ್ತಾರೆ? ಅಪ್ಪ ಅಮ್ಮಂದಿರು ನಿಂತಲ್ಲೇ ವಿಡಿಯೊ ಮಾಡಿ ಸ್ಟೇಟಸ್ ಹಾಕ್ತಾರೆ. ನಿಮ್ಮದು ಬರೋಹೊತ್ತಿಗೆ ಎಲ್ಲರೂ ನೋಡಿ ಮುಗಿಸಿರ್ತಾರೆ."

ನನ್ನ ಕೈಯಲ್ಲಿ ಇದ್ದದ್ದು ಫೋಟೊ ಎಂಬ ಅದೊಂದೇ ಹಗ್ಗ. ಅದರ ಆಚೆ ತುದಿಯನ್ನು ಯಾರೂ ಹಿಡಿದಿರಲಿಲ್ಲ. ನೇರವಾಗಿ ಹೇಳಿದೆ, ಟೀಚರ್‌ಗೆ ಆ ದಿನ ಅವರ ಊರಿನಲ್ಲಿ ಪ್ರಾರ್ಥನೆ ಇರುತ್ತದೆ ಎಂದು. ಸೆಕ್ರೆಟರಿಗೆ ನಿಜವಾಗಿ ಆಶ್ಚರ್ಯವಾಯಿತು. "ಇಲ್ಲಿ ನಾವು ಅವರ ಹಬ್ಬಾನೇ ಅಲ್ವಾ ಮಾಡ್ತಿರೋದು? ಇಷ್ಟು ದೊಡ್ಡದಾಗಿ ಯಾರು ಮಾಡ್ತಾರೆ ಹೇಳ್ರಿ, ಅವರ ಊರಾಗೆ?"

ಡಿಸೆಂಬರ್ ಎರಡನೇ ವಾರ ಟೀಚರ್ ರಜೆ ಅರ್ಜಿ ಕೊಟ್ಟರು. ಒಂದು ದಿನ, ದಿನಾಂಕ 25, ಕಾರಣ ಕ್ರಿಸ್‌ಮಸ್. ಅರ್ಜಿ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಯಿತಂತೆ. ಹಿಂದಿ ಟೀಚರ್ ಗಟ್ಟಿಯಾಗಿ ಓದಿ, "ಅಲ್ವೇ ತಾಯಿ, ಕ್ರಿಸ್‌ಮಸ್ ಐತೆ ಅಂತ ಕ್ರಿಸ್‌ಮಸ್ಸಿಗೇ ರಜೆ ಕೇಳ್ತೀಯಲ್ಲೇ! ಮದುವೆ ಐತೆ ಅಂತ ಮದುಮಗಳೇ ರಜೆ ಹಾಕ್ದಂಗಾತು" ಎಂದರಂತೆ. ಎಲ್ಲರೂ ನಕ್ಕರು, ಟೀಚರೂ ನಕ್ಕರು. ಸಂಜೆ ಇದನ್ನು ನಮ್ಮ ಮನೆಯಲ್ಲಿ ಹೇಳುವಾಗಲೂ ನಕ್ಕರು, ಹಿಂದಿ ಟೀಚರ್ ದನಿಯಲ್ಲೇ ಮಾಡಿ ತೋರಿಸಿದರು. ಅರ್ಜಿಯ ಮೇಲೆ ಸೆಕ್ರೆಟರಿ ಬರೆದದ್ದು ಒಂದೇ ಮಾತು: 'ಕಾರ್ಯಕ್ರಮದ ನಂತರ ಹೋಗಬಹುದು.'

ಕಾರ್ಯಕ್ರಮ ಮುಗಿಯುವುದು ಮಧ್ಯಾಹ್ನ ಒಂದಕ್ಕೆ. ಪ್ರಾರ್ಥನೆ ಬೆಳಿಗ್ಗೆ ಒಂಬತ್ತಕ್ಕೆ. ನಡುವೆ ಸೂಳೆಕೆರೆ, ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿ. ಟೀಚರ್ ಎಂದಿನಂತೆ ಶಾಲೆಗೆ ಹೋದರು. ಮಕ್ಕಳಿಗೆ ಕುಣಿತ ಕಲಿಸಿದರು, ಗಡ್ಡಕ್ಕೆ ಅಂಟಿನ ಬದಲು ದಾರ ಹೊಲಿದರು, ನಿರೂಪಣೆಯನ್ನು ದುಂಡಗೆ ಬರೆದು ಹಿಂದಿ ಟೀಚರ್ ಕೈಗೆ ಕೊಟ್ಟರು. ಕೊಟ್ಟದ್ದು ಯಾಕೆ ಎಂದು ಆಕೆಗೂ ಹೊಳೆಯಲಿಲ್ಲ.

25ರ ಬೆಳಿಗ್ಗೆ ಆರೂವರೆಗೆ ನನ್ನ ಫೋನ್ ಬಡಿಯಿತು.

"ಅಣ್ಣ, ಬಸ್ ನಿಲ್ದಾಣದಾಗೆ ಇದೀನಿ. ಐದೂಮುಕ್ಕಾಲು ಬಸ್ಸು ಬಂದೇ ಇಲ್ಲ."

ಆ ಬಸ್ಸು ಶಾಲೆ, ಕಚೇರಿಗೆ ಹೋಗುವವರದ್ದು. ಸರ್ಕಾರಿ ರಜೆಯ ದಿನ ಬಿಡುವುದಿಲ್ಲ. ನಾನು ಅದನ್ನು ಹಿಂದೊಮ್ಮೆ ಪ್ರಯಾಣಿಕರ ದೂರು ಎಂದು ಬರೆದಿದ್ದೆ, ಅವರಿಗೆ ಹೇಳಬೇಕೆಂದು ಹೊಳೆಯಲಿಲ್ಲ. ಬೈಕ್ ತೆಗೆದೆ. ನಿಲ್ದಾಣದಲ್ಲಿ ಟೀಚರ್ ಮಗಳಿಗೆ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ನಿಲ್ಲಿಸಿಕೊಂಡಿದ್ದರು. ಮಗಳು ನಡುವೆ, ತಾಯಿ ಹಿಂದೆ. ಚಳಿಯಿತ್ತು. ಕೆರೆಯ ಮೇಲೆ ಮಂಜು ಕೂತಿತ್ತು, ಎದುರು ಬರುವ ಟ್ರ್ಯಾಕ್ಟರ್‌ಗಳು ದೀಪ ಹಾಕಿಕೊಂಡೇ ಬರುತ್ತಿದ್ದವು. ಬೇಗ ಓಡಿಸಿದರೆ ಮಗುವಿಗೆ ಗಾಳಿ, ನಿಧಾನ ಮಾಡಿದರೆ ಹೊತ್ತು. ಗಡಿಯಾರ ನೋಡುತ್ತ, ಮತ್ತೆ ರಸ್ತೆ ನೋಡುತ್ತ ಹೋದೆ.

ಬಸವಾಪಟ್ಟಣದಲ್ಲಿ ಮಗು ಕೈ ಮರಗಟ್ಟಿದೆ ಎಂದಿತು. ಟೀ ಅಂಗಡಿಯಲ್ಲಿ ಹಾಲು ಕೊಡಿಸಿದೆವು. ಮಗು ಲೋಟ ತಬ್ಬಿಕೊಂಡು ಒಲೆಯ ಹತ್ತಿರ ನಿಂತಿತು. ನಿಂತಲ್ಲೇ ಟೀಚರ್‌ಗೆ ಹೇಳಿಬಿಟ್ಟೆ.

"ಇಪ್ಪತ್ತೈದಕ್ಕೆ ಮಾಡ್ರಿ ಅಂತ ಸೆಕ್ರೆಟರಿಗೆ ಹೇಳಿದ್ದು ನಾನು."

"ಗೊತ್ತು."

"ಯಾವಾಗಿಂದ?"

"ಮೊದಲ್ನೇ ವರ್ಷಾನೇ. ಪತ್ರಕರ್ತರೇ ಹೇಳ್ಯಾರೆ ಅಂತ ಮೀಟಿಂಗ್‌ನಾಗೆ ಹೇಳಿದ್ರು." ಟೀ ಊದಿ ಕುಡಿದರು. "ನೀವಾಗೇ ಯಾವಾಗ ಹೇಳ್ತೀರ ಅಂತ ನೋಡ್ತಿದ್ದೆ. ನಡೀರಿ ಅಣ್ಣ, ಎಂಟಾಗಾಕೆ ಬಂತು."

ಹೊನ್ನಾಳಿ ದಾಟುವಾಗ ಅವರ ಬ್ಯಾಗಿನಲ್ಲಿ ಫೋನ್ ಬಡಿಯಲು ಶುರುವಾಯಿತು. ಬಡಿದು ನಿಲ್ಲುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಶಾಲೆಯದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಅವರು ತೆಗೆಯಲಿಲ್ಲ. ನ್ಯಾಮತಿಯಲ್ಲಿ ಒಂದು ಸಲ ಫೋನ್ ತೆಗೆದು ನೋಡಿ, ಹಾಗೇ ಒಳಗಿಟ್ಟರು.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಮಂದಿರ ಮುಟ್ಟಿದೆವು. ಜನ ಹೊರಗೆ ನಿಂತು ಪೇಪರ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ಇನ್ನೂ ಶುರುವಾಗಿಲ್ಲ ಎಂದುಕೊಂಡೆ. ಒಳಗೆ ಇಬ್ಬರು ಹೆಂಗಸರು ಜಮಖಾನೆಯ ಎರಡು ತುದಿ ಹಿಡಿದು ಕೊಡವುತ್ತಿದ್ದರು. ಟೀಚರ್ ಗಂಡ ನಮ್ಮನ್ನು ಕಂಡು ಲೋಟ ಹಿಡಿದುಕೊಂಡೇ ಓಡಿ ಬಂದರು.

"ಬಂದ್ಯಾ? ಬರ್ತೀನಿ ಅಂತ ಒಂದು ಮಾತು ಹೇಳಾಕೆ ಏನಾಗಿತ್ತು? ಮುಗೀತಲ್ಲ! ಫಾದರ್ ಏಳೂವರೆಗೇ ಶುರು ಮಾಡಿದ್ರು."

ಬರುವುದನ್ನು ಟೀಚರ್ ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ ಹೊತ್ತು ಬದಲಾಗಿದ್ದು ತಿಳಿಯುತ್ತಿತ್ತು.

ಫಾದರ್ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತಿದ್ದರು. ವಯಸ್ಸಾದವರು, ಮೆತ್ತಗಿನ ಮಾತು. ಟೀಚರನ್ನು ನೋಡಿ ಕಿಟಕಿ ಇಳಿಸಿದರು. "ಏನ್ಮಾಡ್ಲಮ್ಮ, ಹತ್ತು ಗಂಟೆಗೆ ಹೊನ್ನಾಳಿ ಕಡೆ ಒಂದು ಶಾಲೆ, ಹನ್ನೆರಡಕ್ಕೆ ಶಿವಮೊಗ್ಗದಲ್ಲಿ ಇನ್ನೊಂದು. ಕ್ರಿಸ್‌ಮಸ್ ಪ್ರೋಗ್ರಾಮ್, ಕೇಕ್ ಕತ್ತರಿಸೋಕೆ ಕರೆದಿದ್ದಾರೆ. ಪ್ರೀತಿಯಿಂದ ಕರೀತಾರೆ, ಹೋಗದಿದ್ರೆ ಬೇಜಾರಾಗುತ್ತೆ. ಅದಕ್ಕೆ ಇಲ್ಲಿ ಬೇಗ ಮಾಡ್ಕೊಂಡೆ." ಕಿಟಕಿಯಿಂದ ಕೈ ಚಾಚಿ ಮಗುವಿನ ತಲೆಯ ಮೇಲಿಟ್ಟು ಏನೋ ಹೇಳಿದರು. ಮಫ್ಲರ್ ಸುತ್ತಿದ್ದ ಮಗುವಿಗೆ ಕೇಳಿಸಿತೋ ಇಲ್ಲವೋ. ಕಾರು ಹೊರಟಿತು.

"ಅಮ್ಮ, ಪ್ರೋಗ್ರಾಮ್ ಮುಗೀತಾ?" ಎಂದಿತು ಮಗು.

ಟೀಚರ್ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬರಿ ನೆಲದ ಮೇಲೆ ಮಂಡಿಯೂರಿದರು. ಮಗಳು ಪಕ್ಕದಲ್ಲಿ ಕೂತು ಗೋಡೆ ನೋಡಿದಳು, ಶೀಟಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲು ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು. ಹೊರಗೆ ಅತ್ತೆ ನನಗೆ ಕಾಫಿ ಕೊಡುತ್ತ, "ಪೇಪರ್‌ನೋರು ನೀವೇ ಅಲ್ಲೇನಪ್ಪ? ಈ ಸಲಾನೂ ಹಾಕ್ರಿ" ಎಂದರು. ಒಳಗಿನಿಂದ ಹಾಡು ಕೇಳುತ್ತದೇನೋ ಎಂದು ನಿಂತೆ. ಕೇಳಲಿಲ್ಲ. ಹೊರಗೆ ಬಂದ ಟೀಚರ್, ನಾನು ಏನೂ ಕೇಳದಿದ್ದರೂ, "ಇದು ಅವಳು ನೋಡಿದಂಗಲ್ಲ ಅಣ್ಣ" ಎಂದರು.

ಜನವರಿಯಲ್ಲಿ ಶಾಲೆ ಅವರಿಗೆ ನೋಟಿಸ್ ಕೊಟ್ಟಿತು. ಜವಾಬ್ದಾರಿಯ ದಿನ ಅನುಮತಿ ಇಲ್ಲದೆ ಗೈರುಹಾಜರಾದದ್ದಕ್ಕೆ ವಿವರಣೆ ಕೇಳಿತ್ತು. ಟೀಚರ್ ಎರಡು ಸಾಲಿನ ಉತ್ತರ ಬರೆದರು: ಆ ದಿನ ಕ್ರಿಸ್‌ಮಸ್ ಇತ್ತು, ನಾನು ಪ್ರಾರ್ಥನೆಗೆ ಹೋಗಿದ್ದೆ. ಸೆಕ್ರೆಟರಿ ಅದನ್ನು ಓದಿ ಫೈಲಿನಲ್ಲಿ ಹಾಕಿಸಿದರು, ಮುಂದೆ ಏನೂ ಮಾಡಲಿಲ್ಲ. "ಕೆಲಸದಾಗೆ ಒಂದು ಮಾತು ಹೇಳಂಗಿಲ್ಲ, ಚಿನ್ನದಂಥ ಟೀಚರ್. ಅವತ್ತೊಂದಿನ ನಮ್ಮ ಮಾನ ಕಳೆದ್ರು" ಎಂದು ನನ್ನ ಹತ್ತಿರ ಹೇಳಿಕೊಂಡರು. ನೋವಾಗಿತ್ತು ಎಂಬುದು ದನಿಯಲ್ಲೇ ಇತ್ತು.

ಪರೀಕ್ಷೆ ಮುಗಿಸಿ ಟೀಚರ್ ಕೆಲಸ ಬಿಟ್ಟರು. 2025ರ ಜೂನ್‌ನಲ್ಲಿ ಗಂಡನಿದ್ದ ಜಗಳೂರಿಗೆ ಮನೆ ಸಾಗಿಸಿದರು. ಸಾಮಾನು ಹೇರಿದ ಗಾಡಿಯ ಹಿಂದೆ ನಾನೂ ಹೋಗಿ ಬಂದೆ. ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಸಂದರ್ಶನ ಮಾಡಿದ ಮುಖ್ಯೋಪಾಧ್ಯಾಯಿನಿ ಅರ್ಜಿಯಲ್ಲಿ ಧರ್ಮದ ಕಾಲಮ್ ನೋಡಿ, "ಒಳ್ಳೇದೇ ಆತು ನೋಡ್ರಿ, ನಮ್ಮಲ್ಲಿ ಕ್ರಿಸ್‌ಮಸ್ ಮಾಡಿಸಾಕೆ ಯಾರೂ ಇರಲಿಲ್ಲ" ಎಂದರಂತೆ. ಆ ಶಾಲೆಯೂ ಕಾರ್ಯಕ್ರಮವನ್ನು 25ಕ್ಕೇ ಇಡುತ್ತದೆ. ಟೀಚರ್ ಕೆಲಸಕ್ಕೆ ಸೇರಿದರು. ಮಗಳನ್ನು ಮಾತ್ರ ಅಲ್ಲಿಗೆ ಸೇರಿಸಲಿಲ್ಲ. ಬೀದಿಯ ಕೊನೆಯ ಸರ್ಕಾರಿ ಶಾಲೆಗೆ ಹಾಕಿದರು. ಖಾಸಗಿ ಶಾಲೆಯ ಟೀಚರ್ ಮಗಳನ್ನು ಸರ್ಕಾರಿ ಶಾಲೆಗೆ ಹಾಕಿದ್ದು ಯಾಕೆ ಎಂದು ಓಣಿಯವರು ಕೇಳಿದರೆ, ಮನೆಗೆ ಹತ್ತಿರ ಎಂದು ಹೇಳುತ್ತಿದ್ದರು. ಸರ್ಕಾರಿ ಶಾಲೆಗೆ ಡಿಸೆಂಬರ್ 25 ರಜೆ.

2025ರ ಡಿಸೆಂಬರ್ 24ರ ಮಧ್ಯಾಹ್ನ ಮಗಳು ತಂದೆಯ ಜೊತೆ ಜಗಳೂರಿನಲ್ಲಿ ಬಸ್ ಹತ್ತಿ, ಸಂಜೆ ಅಜ್ಜಿಯ ಮನೆ ತಲುಪಿದಳು. 25ರ ಬೆಳಿಗ್ಗೆ ಫಾದರ್ ಏಳೂವರೆಗೆ ಪ್ರಾರ್ಥನೆ ಆರಂಭಿಸಿ ಎಂಟೂವರೆಗೆ ಮುಗಿಸಿದರು. ಹಾಡು ಎತ್ತಿಕೊಟ್ಟವರು ಅಜ್ಜಿ. ಮಗಳು ಮೊದಲಿನಿಂದ ಕೊನೆಯವರೆಗೆ ಮುಂದಿನ ಸಾಲಿನಲ್ಲಿ ಕೂತಿದ್ದಳು ಎಂದು ಆಕೆಯ ತಂದೆ ತಿಳಿಸಿದರು. ಅದೇ ಹೊತ್ತಿಗೆ ಟೀಚರ್ ಜಗಳೂರಿನ ಶಾಲೆಯಲ್ಲಿ, ಹತ್ತು ಗಂಟೆಯ ಕಾರ್ಯಕ್ರಮದ ಕೊನೆಯ ತಾಲೀಮಿಗೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದರು.